ಹೊಲದ ಮನೆಯ ಗರಸು ದಾರಿಗೆ ಯಾವುದು ಸರಿ: ಡೋಜರಾ, ಬ್ಲೇಡಾ, ಲೆವೆಲರಾ, ಗರ್ಡರಾ?

ಕಾರಟಗಿ ಕಡೆ ನಮ್ಮ ಹೊಲದ ಮನೆಗೂ ಡಾಂಬರು ರಸ್ತೆಗೂ ನಡುವೆ 200 ಮೀಟರ್ ಗರಸಿನ (ಕಲ್ಲು ಬೆರೆತ ಗಟ್ಟಿ ಮಣ್ಣಿನ) ದಾರಿ ಇದೆ. ಎರಡೂ ಪಕ್ಕ ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ದಾರಿಯ ಮಗ್ಗುಲು ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ.

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಇದಕ್ಕೆ 14 ಟ್ರಾಲಿ ಗರಸು ಹೊಡೆಸಿದೆ. ಮುಂದೆ ಡೋಜರ್ (ಮಣ್ಣು ತಳ್ಳುವ ಹಲಗೆ) ಕಟ್ಟಿದ ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಸಮ ಮಾಡಿಸಿದೆ. ಸಂಜೆ ನೋಡಿದರೆ ದಾರಿ ಕೇರಂ ಬೋರ್ಡಿನ ಹಾಗೆ ಚಪ್ಪಟೆ. ಮಿಕ್ಕ ಗರಸು ಎರಡೂ ಅಂಚಿನಲ್ಲಿ ಗೇಣೆತ್ತರ ಒಡ್ಡಿನಂತೆ ನಿಂತಿತ್ತು. ನೋಡಲು ಚೆಂದವೇ ಇತ್ತು. ಸೆಪ್ಟೆಂಬರ್ ಮಳೆ ಬಂದಾಗ ಆ ಎರಡು ಒಡ್ಡುಗಳ ನಡುವೆ ನೀರು ನಿಂತು, ದಾರಿಯೇ ಹೊಲಗಾಲುವೆ ಆಯಿತು. ಸುಗ್ಗಿಯಲ್ಲಿ ಭತ್ತ ತುಂಬಿದ ಟ್ರಾಲಿ ಅಚ್ಚಿನ ತನಕ ಹೂತಿತು. ಅಷ್ಟೂ ಚೀಲ ಇಳಿಸಿ, ಡಾಂಬರು ರಸ್ತೆಯ ತನಕ ಹೊತ್ತು ಸಾಗಿಸಿದೆವು. ಅಪ್ಪ ಕೂಡ ಹೆಗಲು ಕೊಟ್ಟರು. ಅವರ ವಯಸ್ಸಿಗೆ ಅದು ಕೆಲಸವಲ್ಲ.

ಆಮೇಲೆ ಈ ವಿಷಯ ಕಲಿಯದೆ ಬಿಡಬಾರದು ಅಂತ ಕೂತೆ. ಒಂದೊಂದೇ ಸಲಕರಣೆ ಬಾಡಿಗೆಗೆ ತಂದು ನಮ್ಮ ದಾರಿಯಲ್ಲೇ ಓಡಿಸಿದೆ. ಕುಷ್ಟಗಿ ಕಡೆ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿರುವ ನಮ್ಮ ಭಾವನ ದಾರಿಯಲ್ಲೂ ಓಡಿಸಿದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಹೊಲದ ಮನೆ, ಕ್ಯಾಂಪ್ ಮನೆ, ಕೋಳಿ ಫಾರಂ ಇರುವ ಎಷ್ಟೋ ಜನರಿಗೆ ಇದೇ ತಾಪತ್ರಯ. ಅವರಿಗಾಗಿ ಬರೆಯುತ್ತಿದ್ದೇನೆ.

ಸಲಕರಣೆಗೆ ಮೊದಲು ನೀರು

ಕೊನೆಗೆ ನಮ್ಮ ದಾರಿ ಸರಿ ಮಾಡಿಕೊಟ್ಟವರು ಪಕ್ಕದ ಊರಿನ ಒಬ್ಬ ಹಿರಿಯ ಡ್ರೈವರ್. ಎಲ್ಲರೂ ಅವರನ್ನು ಕಾಕಾ ಅನ್ನುತ್ತೇವೆ. ಬಂದವರು ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ಕೇಳಿದ್ದು ಒಂದೇ ಮಾತು: "ನೀರು ಎಲ್ಲಿಗೆ ಹೋಗ್ಬೇಕು ಅನ್ನೋದು ಮೊದ್ಲು ಹೇಳ್ರಿ. ಆಮ್ಯಾಗ ಬ್ಲೇಡ್ ಇಳಸ್ತೀನಿ."

ದಾರಿಯ ನಡು ಎತ್ತರ ಇರಬೇಕು, ಎರಡೂ ಅಂಚು ತಗ್ಗಿರಬೇಕು. ರಸ್ತೆ ಕೆಲಸದವರು ಇದಕ್ಕೆ ಕ್ಯಾಂಬರ್ ಅನ್ನುತ್ತಾರೆ. ನಮ್ಮಪ್ಪ ಆಮೆ ಬೆನ್ನು ಅನ್ನುತ್ತಾರೆ, ನನಗೆ ಅದೇ ಇಷ್ಟ. ಗರಸಿನ ದಾರಿಗೆ ನೂರಕ್ಕೆ ನಾಲ್ಕರಷ್ಟು ಇಳಿಜಾರು ಬೇಕು. 10 ಅಡಿ ಅಗಲದ ದಾರಿಯಾದರೆ ನಡುವಿನಿಂದ ಅಂಚಿಗೆ 5 ಅಡಿ. ಅಷ್ಟರಲ್ಲಿ ಎರಡೂವರೆ ಇಂಚು ಇಳಿದರೆ ಸರಿ. ಅಳೆಯುವುದು ಸುಲಭ. ನಡು ಗೆರೆಯ ಮೇಲೆ ಒಂದು ದಾರ ಹಿಡಿಯಿರಿ, ಅದನ್ನು ಅಂಚಿನ ತನಕ ಮಟ್ಟವಾಗಿ ಎಳೆಯಿರಿ, ಅಂಚಿನಲ್ಲಿ ದಾರದ ಕೆಳಗೆ ಬೆರಳು ಇಟ್ಟು ನೋಡಿ. ಹೊಸದಾಗಿ ಮಾಡಿದ ದಾರಿಯಲ್ಲಿ ನಾಲ್ಕು ಬೆರಳು ಹಿಡಿಸಬೇಕು. ಓಡಾಡಿ ಕೂತ ಮೇಲೆ ಅದೇ ಮೂರು ಬೆರಳಿಗೆ ಬರುತ್ತದೆ. ಎರಡು ಬೆರಳಿಗೂ ಕಮ್ಮಿ ಆದರೆ ನೀರು ನಿಲ್ಲಲು ಶುರು ಅಂತಲೇ ಲೆಕ್ಕ.

ಅಂಚು ದಾಟಿದ ನೀರಿಗೂ ಹೋಗಲು ಜಾಗ ಬೇಕಲ್ವಾ? ಒಂದು ಅಡಿ ಆಳದ ಪಕ್ಕದ ಚರಂಡಿ ಬೇಕು. ಡಾಂಬರು ರಸ್ತೆಗೆ ಸೇರುವ ಕಡೆ ಚರಂಡಿ ಮುಚ್ಚಿಹೋಗದಂತೆ ಅಡಿಯಲ್ಲಿ ಪೈಪ್ ಬೇಕು. ಪೈಪಿನ ಮೇಲೆ ಕನಿಷ್ಠ ಒಂದು ಅಡಿ ಮಣ್ಣು ಇರದಿದ್ದರೆ ತುಂಬಿದ ಟ್ರಾಲಿ ಹೋದಾಗ ಒಡೆಯುತ್ತದೆ. ಗದ್ದೆ ಪಕ್ಕದಲ್ಲಿದ್ದರೆ, ಗದ್ದೆಯಲ್ಲಿ ನಿಲ್ಲುವ ನೀರಿನ ಮಟ್ಟಕ್ಕಿಂತ ದಾರಿ ಒಂದಡಿಯಾದರೂ ಮೇಲಿರಲಿ. ಇಲ್ಲದಿದ್ದರೆ ಮೇಲೆ ಏನೇ ಮಾಡಿದರೂ ಅಡಿಯಿಂದ ನೆನೆಯುತ್ತಲೇ ಇರುತ್ತದೆ.

ಒಂದು ಸಲ ಮಳೆ ಜೋರಾಗಿ ಬರುವಾಗ ಛತ್ರಿ ಹಿಡಿದು ದಾರಿಯ ಉದ್ದಕ್ಕೂ ನಡೆಯಿರಿ. ನೀರು ನಿಂತ ಕಡೆಯಲ್ಲೆಲ್ಲಾ ಒಂದೊಂದು ಕಡ್ಡಿ ಚುಚ್ಚಿ. ಯಾವ ಯಂತ್ರ ಕರೆಸಬೇಕು ಅನ್ನುವುದಕ್ಕೆ ಅರ್ಧ ಉತ್ತರ ಆ ಕಡ್ಡಿಗಳೇ ಹೇಳುತ್ತವೆ.

ಮುಂದಿನ ಡೋಜರ್

ನಮ್ಮ ಕಡೆ ಕರೆದ ಕೂಡಲೇ ಸಿಗುವುದು ಇದೇ. ರಾಶಿ ಬಿದ್ದ ಗರಸನ್ನು ಹರಡಲು ಇದಕ್ಕಿಂತ ಬೇಗದ್ದು ಇನ್ನೊಂದಿಲ್ಲ. ಹಾಗಂತ ಕೊನೆಯ ಕೆಲಸಕ್ಕೂ ಇದನ್ನೇ ನೆಚ್ಚಬೇಡಿ. ಮುಂದಿನ ಗಾಲಿ ಸ್ವಲ್ಪ ಏರಿದರೂ ಅದರ ಮುಂದೆ ಚಾಚಿಕೊಂಡಿರುವ ಬ್ಲೇಡ್ ಇನ್ನೂ ಜಾಸ್ತಿ ಏರುತ್ತದೆ. ಗಾಲಿ ತಗ್ಗಿಗೆ ಇಳಿದರೆ ಬ್ಲೇಡ್ ಅಗೆಯುತ್ತದೆ. ಹೀಗೆ ಅಲೆ ಅಲೆ ಬೀಳುತ್ತದೆ. ಬ್ಲೇಡಿನ ಒಂದು ತುದಿ ತಗ್ಗಿಸುವ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಆಮೆ ಬೆನ್ನು ಬರುವುದಿಲ್ಲ. ನನ್ನ ಮೇ ತಿಂಗಳ ಕಥೆ ಇದೇ. ಹರಡಲು ಒಂದು ತಾಸು ಕರೆಸಿ, ಅಲ್ಲಿಗೆ ಸಾಕು ಅಂತ ಕಳಿಸಿ.

ಹಿಂದಿನ ಬ್ಲೇಡ್

ಅಂಗಡಿಯಲ್ಲಿ ಟೆರೇಸರ್ ಬ್ಲೇಡ್ ಅಂತ ಕೇಳಿ. ಕಳೆ ಕೀಳುವ ಬ್ಲೇಡ್ ಕುಂಟೆ ಬೇರೆ, ಇದು ಬೇರೆ. ಟ್ರ್ಯಾಕ್ಟರಿನ ಹಿಂದೆ ಮೂರು ಪಾಯಿಂಟಿಗೆ ಕಟ್ಟುವ, ಓರೆಯಾಗಿ ತಿರುಗಿಸಬಹುದಾದ ದಪ್ಪ ಉಕ್ಕಿನ ಹಲಗೆ. ದಾರಿಗೆ ಬೆನ್ನು ಎಬ್ಬಿಸಲು ನನ್ನ ಅನುಭವದಲ್ಲಿ ಇದೇ ಸರಿಯಾದದ್ದು. ಇದರ ಗುಟ್ಟು ಸೆಟ್ಟಿಂಗಿನಲ್ಲಿದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ಲೇಡಿನ ಎಡ ತುದಿ ಮುಂದೆ, ಬಲ ತುದಿ ಹಿಂದೆ ಬರುವಂತೆ ಓರೆ ಮಾಡಿ. ಲಿಫ್ಟಿನ ಬಲಗೈ ರಾಡಿನಲ್ಲಿ ತಿರುಗಿಸುವ ಹ್ಯಾಂಡಲ್ ಇರುತ್ತದೆ. ಅದನ್ನು ಕೆಲವು ಸುತ್ತು ತಿರುಗಿಸಿ ಬಲಗಡೆ ಎತ್ತಿ. ಈಗ ಎಡ ತುದಿ ತಗ್ಗಿನಲ್ಲಿರುತ್ತದೆ. ದಾರಿಯ ಎಡ ಅಂಚು ಹಿಡಿದು ಹೋಗಿ. ಅಂಚು ಕೊಯ್ದುಕೊಂಡು ಗರಸು ಬ್ಲೇಡಿನ ಉದ್ದಕ್ಕೂ ಜಾರಿ ನಡುವಿಗೆ ಬೀಳುತ್ತದೆ. ವಾಪಸ್ ಬರುವಾಗಲೂ ನಿಮ್ಮ ಎಡ ಅಂಚನ್ನೇ ಹಿಡಿಯಿರಿ. ಅದು ದಾರಿಯ ಇನ್ನೊಂದು ಅಂಚು ಅಲ್ವಾ? ಸೆಟ್ಟಿಂಗ್ ಮುಟ್ಟುವ ಕೆಲಸವೇ ಇಲ್ಲ. ಕಾಕಾ ಹೀಗೆ ಆರು ಸಲ ಹೋಗಿ ಬಂದರು. ನಡುವಿನಲ್ಲಿ ಗರಸಿನ ಉದ್ದ ಏರಿ ಎದ್ದಿತು. ಆಮೇಲೆ ಬ್ಲೇಡ್ ನೇರ ಮಾಡಿ, ಮಟ್ಟ ಮಾಡಿ, ಮೇಲೆ ಮೇಲೆ ತೇಲಿಸಿ ಆ ಏರಿಯನ್ನು ಎರಡೂ ಕಡೆಗೆ ಹರಡಿದರು. ನಾನು ಕೂತು ಬೆರಳಿಟ್ಟು ನೋಡಿದೆ. ನಾಲ್ಕು ಬೆರಳು ಸಲೀಸಾಗಿ ಹಿಡಿಸಿತು.

ಕೊಳ್ಳುವವರು ಅಗಲ ನೋಡಿಕೊಳ್ಳಿ. ಓರೆ ಮಾಡಿದಾಗ ಬ್ಲೇಡಿನ ಅಗಲ ಕಮ್ಮಿಯಾಗುತ್ತದೆ. 7 ಅಡಿಯ ಬ್ಲೇಡ್ 30 ಡಿಗ್ರಿ ಓರೆಯಾದರೆ 6 ಅಡಿಯಷ್ಟೇ ಕೊಯ್ಯುತ್ತದೆ. ನಿಮ್ಮ ಹಿಂದಿನ ಗಾಲಿಗಳ ಹೊರ ಅಂಚಿನ ಅಳತೆಗಿಂತ ಅದು ಕಮ್ಮಿ ಇದ್ದರೆ ಗಾಲಿ ಗುರುತು ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು, ಬಹಳ ಜನ ಇಲ್ಲೇ ಎಡವುತ್ತಾರೆ. ಹೈಡ್ರಾಲಿಕ್ಕಿಗೆ ಪೊಸಿಷನ್, ಡ್ರಾಫ್ಟ್ ಅಂತ ಎರಡು ಲಿವರ್ ಇರುತ್ತವೆ. ರೆಂಟೆ (ನೇಗಿಲು) ಹೊಡೆಯುವಾಗ ಡ್ರಾಫ್ಟ್ ಬೇಕು, ಭಾರ ಜಾಸ್ತಿಯಾದರೆ ಅದು ತಾನೇ ಮೇಲೆತ್ತುತ್ತದೆ. ದಾರಿ ಕೆಲಸದಲ್ಲಿ ಅದೇ ಗುಣ ಕೇಡು. ಗಟ್ಟಿ ಜಾಗ ಬಂದಾಗ ಬ್ಲೇಡ್ ಎದ್ದು, ಸಡಿಲು ಜಾಗದಲ್ಲಿ ಇಳಿದು, ಇದ್ದ ಗುಂಡಿ ಇನ್ನೂ ಆಳವಾಗುತ್ತದೆ. ಬ್ಲೇಡನ್ನು ಇಟ್ಟ ಎತ್ತರದಲ್ಲೇ ಹಿಡಿಯುವ ಪೊಸಿಷನ್ ಲಿವರಿನಲ್ಲೇ ಕೆಲಸ ಮಾಡಿ. ಲೋ ಗೇರು, ನಡೆಯುವ ವೇಗ. ಬೇಗ ಮುಗಿಸೋಣ ಅಂತ ಗೇರು ಏರಿಸಿದರೆ ಬ್ಲೇಡ್ ಕುಣಿಯುತ್ತದೆ, ದಾರಿ ಅಡ್ಡಡ್ಡ ಗೀರು ಗೀರು ಆಗುತ್ತದೆ.

ಇದರ ದೋಷವನ್ನೂ ಹೇಳಬೇಕು. ಟ್ರ್ಯಾಕ್ಟರ್ ಗಿಡ್ಡ, ಬ್ಲೇಡ್ ಅದರ ಹಿಂದೆ ನೇತಾಡುತ್ತದೆ. ಮುಂದಿನ ಗಾಲಿ ದಿಬ್ಬ ಏರಿದರೆ ಹಿಂದೆ ಬ್ಲೇಡ್ ಅಗೆಯುತ್ತದೆ. ಕೈ ಪಳಗಿದ ಡ್ರೈವರ್ ಲಿವರಿನಲ್ಲೇ ಅದನ್ನು ಸರಿದೂಗಿಸುತ್ತಾನೆ, ಹೊಸಬನಿಗೆ ಆಗದು. ಡ್ರೈವರ್ ಯಾರು ಅಂತ ನೋಡಿ ಬಾಡಿಗೆಗೆ ಕರೆಯಿರಿ, ಟ್ರ್ಯಾಕ್ಟರ್ ಯಾವುದು ಅನ್ನುವುದು ಆಮೇಲೆ.

ಲೆವೆಲರ್, ಲೇಸರ್ ಲೆವೆಲರ್

ಪೆಟ್ಟಿಗೆಯಂಥ ಸಾದಾ ಲೆವೆಲರ್ ಗರಸನ್ನು ತನ್ನೊಳಗೆ ತುಂಬಿಕೊಂಡು ಒಯ್ಯುತ್ತದೆ. ದಿಬ್ಬ ಕೊಯ್ದು ಮುಂದಿನ ಗುಂಡಿಯಲ್ಲಿ ಸುರಿಯುತ್ತದೆ. ಉದ್ದಕ್ಕೂ ಏರು ತಗ್ಗು ಇರುವ ದಾರಿಗೆ ಇದು ಒಳ್ಳೆಯದು. ನಮ್ಮ ಭಾವನ ದಾರಿ ಹಾಗೆಯೇ, ಕಲ್ಲು ಗುಡ್ಡದ ಇಳಿಜಾರಿನಲ್ಲಿ ಮಳೆ ನೀರು ಗರಸನ್ನೆಲ್ಲಾ ಕೆಳಕ್ಕೆ ಒಯ್ದಿರುತ್ತದೆ. ಅಲ್ಲಿ ಬ್ಲೇಡಿಗಿಂತ ಲೆವೆಲರ್ ಚೆನ್ನಾಗಿ ಕೆಲಸ ಮಾಡಿತು, ಕೆಳಗಿನದನ್ನು ಮೇಲಕ್ಕೆ ತಂದು ಹಾಕಿತು. ಟಾಪ್ ಲಿಂಕ್ (ಮೂರು ಪಾಯಿಂಟಿನಲ್ಲಿ ಮೇಲಿನ ರಾಡ್) ಗಿಡ್ಡ ಮಾಡಿದರೆ ಕೊಯ್ಯುತ್ತದೆ, ಉದ್ದ ಮಾಡಿದರೆ ಸವರುತ್ತದೆ. ಒಂದೆರಡು ಸುತ್ತಿಗೇ ವ್ಯತ್ಯಾಸ ಕಾಣುತ್ತದೆ. ಆದರೆ ಬೆನ್ನು ಎಬ್ಬಿಸುವ ಕೆಲಸ ಇದರಿಂದ ಅರ್ಧಂಬರ್ಧ.

ಲೇಸರ್ ಲೆವೆಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಗದ್ದೆಗೆ ಅದು ವರ. ನೀರು ಮಡಿಯ ತುಂಬಾ ಒಂದೇ ಸಮ ನಿಲ್ಲಲಿ ಅಂತಲೇ ಅದನ್ನು ಮಾಡಿದ್ದು. ದಾರಿಯಲ್ಲಿ ನಮಗೆ ಬೇಕಾದದ್ದು ಅದರ ಉಲ್ಟಾ. ದುಡ್ಡು ಕೊಟ್ಟು ದಾರಿಯನ್ನು ಗದ್ದೆ ಮಾಡಿಸಬೇಡಿ.

ಗರ್ಡರ್

ನನಗೆ ತುಂಬಾ ಹಿಡಿಸಿದ್ದು ಇದು. ಹೊಲದಲ್ಲಿ ಹೆಂಟೆ ಒಡೆಯಲು ಎತ್ತಿಗೆ ಕೊರಡು ಕಟ್ಟಿ ಎಳೆಯುತ್ತಿದ್ದೆವಲ್ಲ, ಅದರ ಕಬ್ಬಿಣದ ರೂಪ. ಅಮೆರಿಕದ ಮಿಸೌರಿಯಲ್ಲಿ ಡಿ. ವಾರ್ಡ್ ಕಿಂಗ್ ಅನ್ನುವ ರೈತ ನೂರು ವರ್ಷಕ್ಕೂ ಹಿಂದೆ ಇದನ್ನೇ ಮಾಡಿದ್ದರು. ಒಂದು ಮರದ ದಿಮ್ಮಿ ಸೀಳಿ, ಎರಡು ಹೋಳನ್ನು ಹಿಂದೆ ಮುಂದೆ ಜೋಡಿಸಿ, ಕುದುರೆ ಕಟ್ಟಿ ಮಣ್ಣಿನ ರಸ್ತೆಯ ಮೇಲೆ ಎಳೆಸಿದರು. ಮಳೆ ಬಿಟ್ಟ ಮೇಲೆ ಪ್ರತಿ ಸಲ ಎಳೆದದ್ದಕ್ಕೆ ಆ ರಸ್ತೆ ಗಟ್ಟಿಯಾಗಿ ನಿಂತಿತು. ಅವರ ದಿಮ್ಮಿ ಅಲ್ಲಿ ಊರೂರಿಗೂ ಹಬ್ಬಿತು.

ನಾವು ಮಾಡಿಸಿದ್ದು ಹೀಗೆ. ಗುಜರಿಯಿಂದ 6 ಅಡಿಯ ಎರಡು ಐ ಸೆಕ್ಷನ್ (ಐ ಆಕಾರದ ಕಬ್ಬಿಣದ ತೊಲೆ, ಅದೇ ಗರ್ಡರ್) ತಂದೆವು. ಎರಡೂ ಪಕ್ಕಕ್ಕೆ ಜಾರುಪಟ್ಟಿಯಾಗಿ 6 ಅಡಿ ಉದ್ದದ ಚಾನಲ್. ಸೆಕ್ಷನ್‌ಗಳ ನಡುವೆ ಮೂರು ಅಡಿ ಅಂತರ, ಎರಡನ್ನೂ ಸ್ವಲ್ಪ ಓರೆಯಾಗಿ ಕೂರಿಸಿದೆವು. ಮುಂದಿನದರ ಅಡಿಗೆ ಹಳೆಯ ಜೆಸಿಬಿ ಬಕೆಟ್ಟಿನ ಸವೆದ ಅಂಚುಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿದದ್ದು. ವೆಲ್ಡಿಂಗ್ ಅಂಗಡಿಯವರು ನಾಲ್ಕು ಪಟ್ಟಿಗಳನ್ನು ಅಂಗಳದಲ್ಲಿ ಹಾಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಸಲ ಅಳೆದ ಮೇಲೇ ಮೊದಲ ಟಾಕಾ ಹಾಕಿದರು. ಚೌಕಟ್ಟು ಸೊಟ್ಟ ಇದ್ದರೆ ಎಳೆಯುವಾಗ ಪಕ್ಕಕ್ಕೆ ಜಗ್ಗುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ ಅದರ ಉದ್ದದಿಂದ. ಸಣ್ಣ ಗುಂಡಿ ಬಂದರೆ ಬ್ಲೇಡ್ ಹಾಗೆ ಒಳಗಿಳಿಯುವುದಿಲ್ಲ, ಜಾರುಪಟ್ಟಿಗಳು ಮೇಲೇ ದಾಟುತ್ತವೆ. ಮುಂದಿನ ಪಟ್ಟಿ ಕೊಯ್ದ ಗರಸು ಗುಂಡಿಗೆ ಬೀಳುತ್ತದೆ, ಹಿಂದಿನದು ಸವರುತ್ತದೆ. ಹೈಡ್ರಾಲಿಕ್ ಆಡಿಸುವ ಚಾಕಚಕ್ಯತೆ ಬೇಕಿಲ್ಲ. ನನ್ನ ತಮ್ಮ ಮೊದಲ ದಿನವೇ ನೀಟಾಗಿ ಎಳೆದ. ಹೊಸದಾಗಿ ಬೆನ್ನು ಎಬ್ಬಿಸಲು ಇದಕ್ಕೆ ಆಗುವುದಿಲ್ಲ, ಆಳದ ಗುಂಡಿಯನ್ನು ಬುಡಸಮೇತ ತೆಗೆಯಲೂ ಆಗುವುದಿಲ್ಲ. ಒಮ್ಮೆ ಮಾಡಿದ ದಾರಿಯನ್ನು ಕಾಪಾಡಲು ಮಾತ್ರ ಇದಕ್ಕೆ ಸಾಟಿ ಇಲ್ಲ.

ಎರಡು ಎಚ್ಚರಿಕೆ, ದಯವಿಟ್ಟು ಓದಿ. ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆದರೆ ಕಲ್ಲಿಗೆ ಸಿಕ್ಕಿದಾಗ ಟ್ರ್ಯಾಕ್ಟರ್ ಮುಂದೆ ಎದ್ದು ಹಿಂದಕ್ಕೆ ಮಗುಚಬಹುದು. ಇನ್ನು ಭಾರಕ್ಕೆ ಅಂತ ಹುಡುಗರನ್ನು ಮೇಲೆ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಬೇಡವೇ ಬೇಡ. ಕಾಲು ಜಾರಿದರೆ ಅಡಿಗೇ ಸಿಗುತ್ತಾರೆ. ಮರಳು ಚೀಲ ಹೇರಿ.

ಟಿಲ್ಲರ್, ರೋಟವೇಟರ್, ಜೆಸಿಬಿ

ಗುಂಡಿಗೆ ಗರಸು ತುಂಬಿ ಮುಚ್ಚಿದರೆ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಗುಂಡಿ. ಹಳೆಯ ಗಟ್ಟಿ ತಳಕ್ಕೂ ಹೊಸ ಗರಸಿಗೂ ಹಿಡಿತ ಇರುವುದಿಲ್ಲ. ಗುಂಡಿಯ ತಳದ ತನಕ ಇಡೀ ದಾರಿಯನ್ನು ಕೆದಕಿ, ಬೆರೆಸಿ, ಮತ್ತೆ ಕೂರಿಸಬೇಕು. ಕೆದಕಲು ಹೊಲದ ಟಿಲ್ಲರ್ (ಟ್ರ್ಯಾಕ್ಟರ್ ಹಿಂದೆ ಕಟ್ಟುವ ಹಲ್ಲುಗಳ ಸಲಕರಣೆ) ಸಾಕು. ರೋಟವೇಟರ್ ಹಾಕಬೇಡಿ. ಬ್ಲೇಡ್ ಮುರಿಯುತ್ತವೆ, ಕಲ್ಲು ಸಿಡಿದು ಹಿಂದೆ ನಿಂತವರಿಗೆ ಬಡಿಯುತ್ತದೆ.

ಜೆಸಿಬಿ ಚರಂಡಿ ತೆಗೆಯಲು, ಪೈಪ್ ಇಡಲು ಸರಿ. ಗಂಟೆ ಎಲ್ಲಿಂದ ಶುರು, ಅವರ ಜಾಗದಿಂದಲೋ ನಿಮ್ಮ ದಾರಿಯಿಂದಲೋ, ಮೊದಲೇ ಮಾತಾಡಿಕೊಳ್ಳಿ. ಸರ್ಕಾರಿ ರಸ್ತೆಗೆ ಬರುವ ದೊಡ್ಡ ಗ್ರೇಡರ್ ನಮ್ಮ 200 ಮೀಟರಿಗೆ ಬರುವುದಿಲ್ಲ. ಹತ್ತಿರದಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದರೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ನೆಲ ನೋಡಿ, ಗರಸು ನೋಡಿ

ಮಸಾರಿ ನೆಲವಾದರೆ ಟಿಲ್ಲರ್, ಬ್ಲೇಡ್, ಮೇಲೆ ಎರಡು ಇಂಚು ಹೊಸ ಗರಸು, ಇಷ್ಟರಲ್ಲೇ ದಾರಿ ನಿಲ್ಲುತ್ತದೆ. ಎರೆ (ಕಪ್ಪು ಮಣ್ಣಿನ) ನೆಲದ ಕಥೆ ಬೇರೆ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಎರೆಯ ಮೇಲೆ ನೇರವಾಗಿ ಯಾವ ಬ್ಲೇಡ್ ಎಳೆದರೂ ದುಡ್ಡು ದಂಡ. ಕೂತ ಮೇಲೆ 6 ಇಂಚಾದರೂ ಇರುವಷ್ಟು ಗರಸು ಮೊದಲು ಬೀಳಬೇಕು.

ಲೆಕ್ಕ ಹಾಕಿ ನೋಡಿ. 200 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂದರೆ 90 ಘನ ಮೀಟರ್. ಸಡಿಲು ಗರಸು ಕೂತಾಗ ಕುಗ್ಗುತ್ತದೆ, ಕಾಲು ಭಾಗ ಜಾಸ್ತಿ ಹಿಡಿಯಿರಿ. ಒಂದು ಬ್ರಾಸ್ ಅಂದರೆ 100 ಘನ ಅಡಿ, ಸುಮಾರು 2.83 ಘನ ಮೀಟರ್. ಹತ್ತಿರ ಹತ್ತಿರ 40 ಬ್ರಾಸ್ ಬೇಕು. ನಾನು ಆ ಮೇ ತಿಂಗಳಲ್ಲಿ ಹಾಕಿಸಿದ 14 ಟ್ರಾಲಿ ಎರಡು ಇಂಚಿಗಷ್ಟೇ ಸಾಲುತ್ತಿತ್ತು. ಟ್ರಾಲಿ ಹೂತಿದ್ದಕ್ಕೆ ಅದೂ ಒಂದು ಕಾರಣ.

ಗರಸಿನಲ್ಲಿ ಕಲ್ಲೂ ಇರಬೇಕು, ಜಿಗುಟು ಮಣ್ಣೂ ಇರಬೇಕು. ಒಂದು ಹಿಡಿ ನೆನೆಸಿ ಉಂಡೆ ಕಟ್ಟಿ ಬಿಸಿಲಿಗಿಡಿ. ಒಣಗಿದ ಉಂಡೆ ಬೆರಳಲ್ಲಿ ಹಿಸುಕಿದ ಕೂಡಲೇ ಪುಡಿಯಾದರೆ ಜಿಗುಟು ಕಮ್ಮಿ, ದಾರಿಯಲ್ಲಿ ಬರೀ ಧೂಳಾಗುತ್ತದೆ. ಬರೀ 40 ಎಂಎಂ ಜಲ್ಲಿ ಸುರಿದರೆ ಗೋಲಿಯಂತೆ ಉರುಳುತ್ತದೆ, ಎರೆಯಲ್ಲಾದರೆ ಮುಳುಗಿಯೇ ಹೋಗುತ್ತದೆ. ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಸಿಗುತ್ತದೆ ಅಂತ ಸುಮ್ನೆ ತಂದು ಸುರಿಯುವವರಿದ್ದಾರೆ. ಸುಣ್ಣ ಬೆರೆಸದೆ ಅದು ಕಟ್ಟುವುದಿಲ್ಲ, ಮಳೆಗೆ ಹರಿದು ಗದ್ದೆ ಸೇರುತ್ತದೆ. ಗರಸು ಅಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು, ಹಾಗಾಗಿ ತರುವವರ ಹತ್ತಿರ ಕಾಗದ ಇದೆಯೇ ಕೇಳಿ.

ಯಾವಾಗ, ಹೇಗೆ

ಮೇ ತಿಂಗಳ ಒಣ ಧೂಳಿನಲ್ಲಿ ಮಾಡಿದ ಕೆಲಸ ಕೂರುವುದಿಲ್ಲ. ಗರಸು ಬೇಸಿಗೆಯಲ್ಲಿ ಹೊಡೆಸಿಕೊಳ್ಳಿ. ಮಿರಗದ (ಜೂನ್ ತಿಂಗಳ ಮೃಗಶಿರ) ಒಂದೆರಡು ಮಳೆ ಬಿದ್ದ ಮೇಲೆ ಬ್ಲೇಡ್ ಇಳಿಸಿ. ಗರಸನ್ನು ಮುಷ್ಟಿಯಲ್ಲಿ ಹಿಡಿದಾಗ ಉಂಡೆ ಕಟ್ಟಬೇಕು, ಬೆರಳಿಗೆ ಅಂಟಿಕೊಳ್ಳಬಾರದು. ಅದೇ ಹದ. ಮಳೆ ಕೈಕೊಟ್ಟರೆ ಹಿಂದಿನ ಸಂಜೆ ಟ್ಯಾಂಕರ್ ನೀರು ಹೊಡೆಸಿ. ರೋಲರ್ ಸಿಗದಿದ್ದರೆ ಕಲ್ಲು ತುಂಬಿದ ಟ್ರಾಲಿಯನ್ನು ಅಂಚಿನಿಂದ ಶುರು ಮಾಡಿ, ಪ್ರತಿ ಸಲ ಒಂದು ಗಾಲಿಯಷ್ಟು ನಡುವಿನ ಕಡೆ ಸರಿಸುತ್ತಾ, ಇಡೀ ಅಗಲಕ್ಕೂ ಓಡಿಸಿ. ಎರಡು ಗಾಲಿ ಗೆರೆಯಲ್ಲೇ ಓಡಿಸಿದರೆ ಮತ್ತೆ ಎರಡು ಕಾಲುವೆ ಬೀಳುತ್ತವೆ.

ನಾನೀಗ ಮಾಡುವುದು ಇಷ್ಟು. ಮೂರು ವರ್ಷಕ್ಕೊಮ್ಮೆ ಟಿಲ್ಲರ್ ಹೊಡೆದು ಕಾಕಾನ ಬ್ಲೇಡಿನಲ್ಲಿ ಬೆನ್ನು ಎಬ್ಬಿಸುವುದು. ನಡುವಿನ ವರ್ಷಗಳಲ್ಲಿ ಮಿರಗ ಬಿದ್ದ ಮೇಲೆ ಒಮ್ಮೆ, ಚಿತ್ತಿ ಮಳೆ ನಿಂತು ಕಟಾವು ಯಂತ್ರ ಬರುವ ಮೊದಲು ಒಮ್ಮೆ, ಗರ್ಡರ್ ಎಳೆಯುವುದು. ದಾರಿ ನಿಮ್ಮದಲ್ಲ, ನಕ್ಷೆಯಲ್ಲಿರುವ ಬಂಡಿದಾರಿ ಅಂತಾದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಎಷ್ಟೋ ಕಡೆ ಹೊಲದ ದಾರಿಗಳು ನರೇಗಾದಲ್ಲೇ ಆಗಿವೆ.

ನಾಟಿ ಸಮಯದಲ್ಲಿ ಇನ್ನೊಂದು ಜಗಳ ಇದ್ದೇ ಇರುತ್ತದೆ. ಕೇಜ್‌ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಗಾಲಿ) ಹಾಕಿದ ಟ್ರ್ಯಾಕ್ಟರ್ ಒಂದೇ ಸಲ ಹೋದರೂ ಆರು ತಿಂಗಳ ಕೆಲಸ ಕಿತ್ತು ಬರುತ್ತದೆ. ನಾವು ದಾರಿಯ ಬಾಯಲ್ಲಿ ಒಂದು ಕಲ್ಲಿನ ಕಟ್ಟೆ ಹಾಕಿದ್ದೇವೆ. ಕೇಜ್‌ವೀಲ್ ಅಲ್ಲೇ ಬಿಚ್ಚಿ ಟ್ರಾಲಿಗೆ ಹಾಕಿಕೊಂಡು ಬನ್ನಿ ಅಂತ ಡ್ರೈವರುಗಳಿಗೆ ಹೇಳುತ್ತೇವೆ. ಅವರಿಗೆ ಅರ್ಧ ತಾಸು ಜಾಸ್ತಿ ಹಿಡಿಯುತ್ತದೆ, ಆ ಅರ್ಧ ತಾಸಿನ ಬಾಡಿಗೆ ನಾವೇ ಕೊಡುತ್ತೇವೆ.